ಹವಳಕ್ಕೊಂದು ಮೂಲೆ

"ಕೈ ಅಲುಗಿಸ್ಬೇಡ. ಹಾಗೇ ಹಿಡ್ಕೊ," ಎಂದರು ಅಪ್ಪ.

ಮಗಳು ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಮೊಣಕೈಯವರೆಗೂ ಕೈಯಿಳಿಸಿ, ಮೆತ್ತನೆಯ ಹವಳವನ್ನು ಕಲ್ಲಿಗೆ ಆನಿಸಿ ಹಿಡಿದಿದ್ದಳು. ಅಣಬೆಯ ಹಾಗೆ ಅರಳಿ ನಿಲ್ಲುತ್ತಿದ್ದ ಪ್ರಾಣಿ ಈಗ ಹಿಂಡಿದ ಒದ್ದೆ ಬಟ್ಟೆಯಂತೆ ಮುದುಡಿಹೋಗಿತ್ತು. ಕೊಳೆತ ಅಂಚನ್ನು ಅಪ್ಪ ಬೆಳಿಗ್ಗೆಯೇ ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದರು. ಕನ್ನಡಕದ ಅಂಗಡಿಯಲ್ಲಿ ಆಯುಷ್ಯವೆಲ್ಲ ಸಣ್ಣ ತಿರುಪುಗಳ ಜೊತೆ ಗುದ್ದಾಡಿದ ಕೈ. ಹವಳವನ್ನು ಕಲ್ಲಿಗೆ ಕಟ್ಟುವ ದಾರವನ್ನು ಬಿಗಿಯದೆ, ಸಡಿಲವಾಗಿಯೂ ಬಿಡದೆ ಸುತ್ತುತ್ತಿತ್ತು. ನಡುನಡುವೆ ಅಂಗಡಿಯ ಭೂತಗನ್ನಡಿಯನ್ನು ಗಾಜಿಗೆ ಹಚ್ಚಿ, "ಪಾಪ, ಎಷ್ಟು ಸಹಿಸಿದೆ ನೋಡು," ಎಂದು ಲೊಚಗುಟ್ಟುತ್ತಿದ್ದರು. ಕುಪ್ಪಸದ ತೋಳು ಮೇಲಕ್ಕೆ ಮಡಿಸಿದ್ದರಿಂದ ಮಗಳ ರಟ್ಟೆಯ ಮೇಲಿನ ಹಳದಿಗಟ್ಟಿದ ಕಲೆಯೂ ಕಾಣುತ್ತಿತ್ತು. ಭೂತಗನ್ನಡಿ ಅತ್ತ ಸರಿಯಲೇ ಇಲ್ಲ.

"ಏನಾಯ್ತು ಇದಕ್ಕೆ?"

"ಪಕ್ಕದಲ್ಲಿದ್ಯಲ್ಲ ಆ ಗಟ್ಟಿ ಹವಳ, ಅದರ ಕೆಲಸ. ಹಗಲೆಲ್ಲ ಮಹಾ ಸಾಧು. ದೀಪ ಆರಿದ ಮೇಲೆ ಉದ್ದುದ್ದ ಎಳೆ ಚಾಚಿ ಕುಟುಕುತ್ತೆ. ಈ ಬಡಪಾಯಿಗೆ ಓಡೋಕೆ ಕಾಲಿಲ್ಲ, ಕೂಗೋಕೆ ಬಾಯಿಲ್ಲ. ಇನ್ಮೇಲೆ ಇದು ಈ ಮೂಲೇಲೇ ಇರುತ್ತೆ. ಹಳೇ ಜಾಗಕ್ಕೆ ವಾಪಸ್ ಇಟ್ರೆ ಸತ್ತೇ ಹೋಗುತ್ತೆ."

ಗಂಡನ ಮನೆ ಬಿಟ್ಟು ಬಂದಾಗಿನಿಂದ ಮಗಳ ನಾಲಿಗೆ ತುದಿಯಲ್ಲಿದ್ದ ಮಾತಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು.

"ಅಪ್ಪಾ, ನಾನೂ ಇಲ್ಲೇ ಇದ್ದುಬಿಡ್ತೀನಿ."

ಅಪ್ಪ ದಾರದಿಂದ ಕಣ್ಣೆತ್ತಲಿಲ್ಲ. "ಇದೇನು ಹೊಸ ರಾಗ. ಗಂಡ ಹೆಂಡತಿ ಜಗಳ ಉಂಡು ಮಲಗೋ ತನಕ ಕಣಮ್ಮಾ."

"ನಮ್ಮನೇಲಿ ಅದು ಮಲಗಿದ ಮೇಲೇ ಶುರುವಾಗೋದು."

ಒಳಕೋಣೆಯಲ್ಲಿ ಅವಳ ಬಟ್ಟೆ ಮಡಿಚಿ ಪೆಟ್ಟಿಗೆಗೆ ತುಂಬುತ್ತಿದ್ದ ಅಮ್ಮ ಮಡಿಚಿಟ್ಟಿದ್ದನ್ನೇ ಬಿಚ್ಚಿ ಇನ್ನೊಮ್ಮೆ ಮಡಿಚಿದಳು. ಆಮೇಲೆ ಮತ್ತೆ ತುಂಬತೊಡಗಿದಳು.

ಅಪ್ಪ ಗಂಟು ಹಾಕಿ ಮುಗಿಸಿದರು. "ಅಳಿಯಂದ್ರು ಇನ್ನೇನು ಬಂದ್ಬಿಡ್ತಾರೆ. ನಾನೇ ಫೋನ್ ಮಾಡಿ ಕರೆಸಿದೀನಿ. ನಾಲ್ಕು ಜನ ಮೆಚ್ಚೋ ಮನುಷ್ಯ. ನೀನೇ ಸ್ವಲ್ಪ ಹೊಂದ್ಕೊಂಡು ಹೋಗು."

ಅಬ್ಬಾ ತಂದೆಯೇ! ಕಾಸಿಗೆ ಕೊಂಡು ತಂದ ಹವಳಕ್ಕೊಂದು ಮೂಲೆಯುಂಟು, ಹೆತ್ತ ಮಗಳಿಗಿಲ್ಲ.

ಅಳಿಯ ಹಣ್ಣಿನ ಚೀಲ ಹಿಡಿದು ಬಂದ. ಅತ್ತೆಯ ಮಂಡಿನೋವು ವಿಚಾರಿಸಿದ. ತೊಟ್ಟಿಯ ಮುಂದೆ ಬಗ್ಗಿ, "ಮಾವ, ನಿಮ್ಮ ತಾಳ್ಮೆಗೆ ಶರಣು," ಎಂದ. ಮಾವ ಉಬ್ಬಿಹೋದರು. ಅಳಿಯ ಹೆಂಡತಿಯ ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡು ಕಾರಿನತ್ತ ನಡೆದ.

ಮಗಳು ಚಪ್ಪಲಿ ಮೆಟ್ಟುವ ಮೊದಲು ತೊಟ್ಟಿಯ ಬಳಿ ಹೋದಳು. ಈ ಸಲ ತೋಳು ಮಡಿಸಲಿಲ್ಲ. ದಾರ ಸುತ್ತಿದ ಕಲ್ಲನ್ನು ಎತ್ತಿ, ಗಟ್ಟಿ ಹವಳದ ಮಗ್ಗುಲಿಗೆ, ಹಳೆಯ ಜಾಗದಲ್ಲೇ ಇಟ್ಟಳು.

"ಅಯ್ಯಯ್ಯೋ, ಏನ್ಮಾಡ್ತಿದೀಯೇ! ಸತ್ತೋಗುತ್ತೆ ಅದು!"

"ಹೊಂದ್ಕೊಂಡು ಹೋಗುತ್ತೆ ಬಿಡಿ, ಅಪ್ಪಾ."

ಅಪ್ಪ ಅಂಗಿ ನೆನೆಯುವುದನ್ನೂ ಲೆಕ್ಕಿಸದೆ ಎರಡೂ ಕೈಗಳನ್ನು ನೀರಿಗಿಳಿಸಿದರು. ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಬಂದು ಬೀಳ್ಕೊಡಲು ಅವರಿಗೆ ಕೈ ಬಿಡುವಿರಲಿಲ್ಲ.

ತೊಟ್ಟಿಯಿಂದ ಹೊಸಿಲವರೆಗೂ ಮಗಳ ತೋಳಿನಿಂದ ಸೋರಿದ ಉಪ್ಪುನೀರನ್ನು ಅಮ್ಮ ನೆಲಕ್ಕೆ ಕೂತು ಒರೆಸತೊಡಗಿದಳು.