ಇದ್ವಲ್‌ನ ಗುರುವಾರಗಳು

ಶವಪೆಟ್ಟಿಗೆ ಹೊತ್ತ ಆರು ಜನ ಚಾಪೆಲ್ಲಿನ ಗೇಟಿನ ಮುಂದೆ ಹೆಗಲು ಬದಲಾಯಿಸುತ್ತಿದ್ದಾಗ ನೀಲಿ ಬಸ್ಸೊಂದು ಬಂದು ಅಡ್ಡ ನಿಂತಿತು.

"ಯಾವನಯ್ಯ ಅವ್ನು, ಸತ್ತೋನಿಗೂ ದಾರಿ ಬಿಡಲ್ವಲ್ಲ," ಎಂದು ಹಿಂದಿನಿಂದ ಯಾರೋ ಗೊಣಗಿದರು.

ಬಸ್ಸಿನಿಂದ ಮೊದಲು ಇಳಿದವಳು ಐವತ್ತೈದರ ಆಸುಪಾಸಿನ ತುಂಬುಮೈಯ ಹೆಂಗಸು. ಕಪ್ಪು ಕೋಟು, ಕಪ್ಪು ಟೋಪಿ, ಅತ್ತು ಕೆಂಪಾದ ಮೂಗು. ನೆಟ್ಟಗೆ ಎಲಿನೆಡ್‌ಳ ಹತ್ತಿರ ಬಂದು ಎರಡೂ ಕೈ ಹಿಡಿದುಕೊಂಡಳು.

"ನಮ್ಮ ಇದ್ವಲ್ ಹೋಗ್ಬಿಟ್ರಲ್ಲಮ್ಮ."

ಅವಳ ಉಸಿರಿನಲ್ಲಿ ಪೆಪ್ಪರ್‌ಮಿಂಟಿನ ವಾಸನೆಯಿತ್ತು. ಗಂಡನನ್ನು ಮಣ್ಣು ಮಾಡಲು ಹೊರಟಿದ್ದ ಎಲಿನೆಡ್‌ಗೆ ಆ ಗಳಿಗೆಯಲ್ಲಿ ಅಳು ಬರಲಿಲ್ಲ. ಅವಳು ಆ ಮುಖವನ್ನು ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ನೋಡಿದಳು. ಓ, ಹಾಗಾದರೆ ಇವಳೇ.

*

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಇದ್ವಲ್ ಪ್ರಿಚರ್ಡ್‌ಗೆ ಇದ್ದದ್ದು ನೂರೆಂಬತ್ತು ಕುರಿ, ಒಂದು ನಾಯಿ, ಒಂದು ಕಂಠ. ಗಂಡಸರೆಲ್ಲ ತಗ್ಗುದನಿಯಲ್ಲೇ ಹುಟ್ಟುವ ಆ ಕಣಿವೆಯಲ್ಲಿ ಅವನೊಬ್ಬನದು ಏರುದನಿ, ಟೆನರ್. ಮಂಗಳವಾರ ಟೆಗ್ವಿನ್ ಮೇಷ್ಟ್ರ ಗಾಯನ ಮೇಳದಲ್ಲಿ ಅಭ್ಯಾಸ. ಈಸ್ಟರ್ ಹತ್ತಿರವಾದರೆ ಪಟ್ಟಣದ ವಾದ್ಯವೃಂದವೂ ಕಾರ್ಡಿಫ್‌ನ ನಾಲ್ವರು ದೊಡ್ಡ ಹಾಡುಗಾರರೂ ಬಂದು ಸೇರುತ್ತಿದ್ದರು. ಗುರುವಾರ ಗುಡ್ಡದಾಚೆ ಕುರಿ ಸಾಕುವವರ ಸಂಘದ ಸಭೆ.

"ಸಭೆಯೇ? ನಮ್ಮೋರ ಸಂಘ ಸೇರೋದು ವರ್ಷಕ್ಕೆರಡು ಸಲ ಕಣಮ್ಮ," ಎಂದು ಸಂಘದ ಕಾರ್ಯದರ್ಶಿಯ ಹೆಂಡತಿ ಒಂದು ದಿನ ಅಂಗಡಿಯಲ್ಲಿ ಹೇಳಿದಳು. ಅಲ್ಲಿದ್ದ ಹೆಂಗಸರಿಗೆಲ್ಲ ತಟ್ಟನೆ ಬಿಸ್ಕತ್ತಿನ ಡಬ್ಬಿಗಳ ಮೇಲಿನ ಬರಹ ಓದಬೇಕೆನಿಸಿತು.

ಎಲಿನೆಡ್ ಹಿಟ್ಟು ಕೊಂಡು ಮನೆಗೆ ಬಂದಳು. ಆ ಗುರುವಾರವೂ ಇದ್ವಲ್ ಮುಖಕ್ಷೌರ ಮಾಡಿಕೊಂಡು ಹೊರಟ. ಕುರಿಯ ಮಾತಾಡಲು ಮುಖಕ್ಷೌರ ಯಾಕೆ? ಅವನು ಬಂದ ಮೇಲೆ ಕೋಟು ಮೂಸಿದಳು. ಸೀಮೆಎಣ್ಣೆ ಒಲೆಯ ಹೊಗೆ, ಪೆಪ್ಪರ್‌ಮಿಂಟು. ಕೇಳಿದ್ದರೆ ಅವನು ನಿಜ ಹೇಳಿಬಿಡುತ್ತಿದ್ದ. ಹೇಳಿದ ಮೇಲೆ ತಾನು ಏನಾದರೂ ಮಾಡಬೇಕಾಗುತ್ತಿತ್ತು. ಕೇಳಲಿಲ್ಲ. ಸಾರು ಬಿಸಿ ಮಾಡಿಟ್ಟಳು.

*

ಆ ಹೆಂಗಸಿನ ಹಿಂದೆ ಬಸ್ಸಿನಿಂದ ಇನ್ನೊಬ್ಬಳು ಇಳಿದಳು. ಆಮೇಲೆ ಮತ್ತಿಬ್ಬರು. ಆಮೇಲೆ ಒಬ್ಬ ಮುದುಕ, ಮತ್ತೆ ಐದಾರು ಹೆಂಗಸರು. ಇಳಿದಷ್ಟೂ ಮುಗಿಯಲೊಲ್ಲದು. ಎಲಿನೆಡ್‌ಗೆ ಲೆಕ್ಕ ತಪ್ಪಿತು.

"ಒಬ್ಬಳಿದ್ರೆ ಸರಿ ಅನ್ನಬಹುದು ಅತ್ತಿಗೆ," ಎಂದಳು ಪಕ್ಕದಲ್ಲಿದ್ದ ನಾದಿನಿ ನಾನ್, ಮೆಲ್ಲಗೆ. "ನಮ್ಮಣ್ಣಂದು ಒಂದು ಬಸ್ಸು."

ಅಷ್ಟರಲ್ಲಿ ಟೆಗ್ವಿನ್ ಮೇಷ್ಟ್ರು ಜನರನ್ನು ಸರಿಸಿಕೊಂಡು ಬಂದರು. "ಏನ್ ಹೈಲ್ವೆನ್, ದಾರಿ ತಪ್ಪಿ ಬಂದ್ಯಾ?"

"ನಮ್ಮ ಟೆನರ್‌ನ ಕಳಿಸಿಕೊಡೋಕೆ ಬಂದಿದ್ದೀವಿ ಮೇಷ್ಟ್ರೇ," ಎಂದಳು ಎಲಿನೆಡ್‌ಳ ಕೈ ಹಿಡಿದಿದ್ದವಳು.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಗುಡ್ಡದ ಈಚೆಗೂ ಆಚೆಗೂ ಮೊದಲು ಒಂದೇ ಮೇಳವಿತ್ತು. ಒಂದು ಈಸ್ಟರಿನಲ್ಲಿ ವಾದ್ಯವೃಂದವನ್ನು ಯಾವ ಊರಿನ ಚಾಪೆಲ್ಲಿನಲ್ಲಿ ಕೂರಿಸಬೇಕೆಂಬ ಜಗಳಕ್ಕೆ ಎರಡಾಯಿತು; ಆಚೆಯದು ಈಗ ಹೈಲ್ವೆನ್‌ಳ ಕೈಯಲ್ಲಿತ್ತು. ಮೂವತ್ತು ವರ್ಷದಿಂದ ಎರಡೂ ಮೇಳದವರು ಅದೇ ಈಸ್ಟರ್ ಕೃತಿಯನ್ನು ವಾರದ ಅಂತರದಲ್ಲಿ ಹಾಡುತ್ತಿದ್ದರು. ಒಬ್ಬರದನ್ನೊಬ್ಬರು ಕೇಳಲು ಮಾತ್ರ ಹೋಗುತ್ತಿರಲಿಲ್ಲ.

"ನಿಮ್ಮ ಟೆನರ್? ನಲವತ್ತು ವರ್ಷ ನನ್ನ ತಾಳದ ಕೋಲಿನ ಮುಂದೆ ನಿಂತೋನು ಅವ್ನು."

"ಗುರುವಾರ ನಮ್ಮೋರು. ಮಿಕ್ಕ ದಿನ ಯಾರೋರು ಅಂತ ನಾವು ಕೇಳ್ಲಿಲ್ಲ." ಹೈಲ್ವೆನ್ ಎಲಿನೆಡ್‌ಳ ಕಡೆ ತಿರುಗಿದಳು. "ಕಳೆದುಹೋದ ಟಗರು ಹುಡುಕ್ಕೊಂಡು ಬಂದಿದ್ರಮ್ಮ. ನಾವು ಅಭ್ಯಾಸ ಮಾಡ್ತಿದ್ವಿ. ಕಿಟಕೀಲಿ ನಿಂತು ಕೇಳಿ, ಒಳಗೆ ಬಂದು, ಇದೇನ್ರೀ ಮೂರು ಕಾಲಿನ ಹಸು ನಡೆದಂಗೆ ಹಾಡ್ತೀರಾ ಅಂದ್ರು. ನಾಲ್ಕನೇ ಕಾಲು ನೀವೇ ಆಗಿ ಅಂದೆ. ಪಾಪ, ಟಗರು ಸಿಗಲಿಲ್ಲ."

"ಮಾರನೇ ದಿನ ಅದೇ ಬಂತು," ಎಂದಳು ಎಲಿನೆಡ್. "ನನಗಾದ್ರೂ ಹೇಳ್ಬಹುದಿತ್ತಲ್ಲ?"

"ನಾನೂ ಅದೇ ಅಂದೆ. ಮೇಷ್ಟ್ರು ಬಂದು ಕೇಳಿದ್ರೆ ನಮ್ಮ ಎಲಿನೆಡ್‌ಗೆ ಸುಳ್ಳು ಹೇಳೋಕೆ ಬರಲ್ಲ, ಸುಮ್ನೆ ಕಷ್ಟಕ್ಕೆ ಸಿಕ್ಕಿಸೋದು ಬೇಡ ಅಂತಿದ್ರು."

ಹತ್ತೊಂಬತ್ತು ವರ್ಷ, ಮೇಷ್ಟ್ರು ಬಂದು ಕೇಳಿದಾಗಲೆಲ್ಲ 'ಸಂಘದ ಸಭೆಗೆ ಹೋಗಿದ್ದಾರೆ' ಎಂದು ಕಣ್ಣು ಮಿಟುಕಿಸದೆ ಹೇಳಿದ್ದವಳು, ಈಗ ಕೈಚೀಲದಲ್ಲಿ ಕರವಸ್ತ್ರ ಹುಡುಕತೊಡಗಿದಳು. ಸಿಕ್ಕ ಮೇಲೆ ಅದರಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗಿತು. ಅಳುತ್ತಾಳೆಂದು ನಾನ್ ಬೆನ್ನು ಸವರಿದಳು. ಅವಳು ನಗುತ್ತಿದ್ದಳು.

"ಈಸ್ಟರ್‌ಗೆ ಹಾಡ್ತೀರಲ್ಲ, ಅದರ ಕಡೇ ಕೋರಸ್ ಹಾಡಿ," ಎಂದಳು ನಗು ತಹಬಂದಿಗೆ ಬಂದ ಮೇಲೆ.

"ಅದು ಆಗಲ್ಲಮ್ಮ," ಎಂದರು ಮೇಷ್ಟ್ರು. "ಮೊದಲ ಸಾಲು ಟೆನರ್ ಒಂದೇ ಹಾಡ್ಬೇಕು. ನಮ್ಮಲ್ಲಿದ್ದೋನು ಅವ್ನೊಬ್ನೇ."

"ನಮ್ಮಲ್ಲೂ," ಎಂದಳು ಹೈಲ್ವೆನ್.

ಇಬ್ಬರೂ ಮೊದಲ ಬಾರಿಗೆ ಒಬ್ಬರನ್ನೊಬ್ಬರು ಸರಿಯಾಗಿ ನೋಡಿದರು.

"ಇಬ್ರೂ ಸೇರಿ ಹಾಡಿ," ಎಂದಳು ಎಲಿನೆಡ್. "ಟೆನರ್ ಬರೋದಿಲ್ಲ ಅಂತ ಇಬ್ರಿಗೂ ಗೊತ್ತಿದೆಯಲ್ಲ."

*

ಚಾಪೆಲ್ಲಿನಲ್ಲಿ ಶವಪೆಟ್ಟಿಗೆಯ ಎಡಕ್ಕೆ ಈಚೆ ಊರಿನವರು, ಬಲಕ್ಕೆ ಆಚೆ ಊರಿನವರು ನಿಂತರು. ಯಾರು ನಡೆಸಬೇಕೆಂದು ತೀರ್ಮಾನವಾಗದೆ ಮೇಷ್ಟ್ರೂ ಹೈಲ್ವೆನ್‌ಳೂ ತಮ್ಮ ತಮ್ಮವರ ಮುಂದೆ ನಿಂತರು. ವಾದ್ಯವೃಂದದ ಪಾಲನ್ನು ಆರ್ಗನ್ ನುಡಿಸಿತು. ಟೆನರ್ ಬರಬೇಕಾದ ಜಾಗ ಹತ್ತಿರವಾಯಿತು.

ಇದ್ವಲ್ ಎಲ್ಲದಕ್ಕೂ ಅರ್ಧ ಹೆಜ್ಜೆ ತಡ. ಆಮೆನ್ ಹೇಳುವುದಕ್ಕೂ, ನಗುವುದಕ್ಕೂ. ಮದುವೆಯ ದಿನ ಪಾದ್ರಿ ಪ್ರಶ್ನೆಯನ್ನು ಎರಡನೇ ಸಲ ಕೇಳಲು ಬಾಯಿ ತೆರೆದ ಮೇಲೇ ಅವನು 'ಹೂಂ' ಅಂದದ್ದು. ಇದು ಹೆಂಡತಿಯಾದ ತನಗೊಬ್ಬಳಿಗೇ ಗೊತ್ತು ಎಂದು ಎಲಿನೆಡ್ ತಿಳಿದಿದ್ದಳು.

ತಾಳ ಬೀಳುವುದಕ್ಕೆ ಅರ್ಧ ಹೆಜ್ಜೆ ಮೊದಲೇ ಮೇಷ್ಟ್ರ ಎಡಗೈ ಮೇಲೆದ್ದು ಟೆನರ್‌ನನ್ನು ಕರೆಯಿತು. ಅದೇ ಗಳಿಗೆಗೆ ಹೈಲ್ವೆನ್‌ಳ ಎಡಗೈಯೂ ಎದ್ದಿತು. ಎರಡೂ ಮೇಳದವರು ಬಾಯಿ ಮುಚ್ಚಿ ನಿಂತಿದ್ದರು. ಆರ್ಗನ್ ಒಂದೇ ಮುಂದೆ ಹೋಯಿತು. ಶವಪೆಟ್ಟಿಗೆಯ ಆಚೆ, ಎರಡು ಗುಂಪುಗಳ ನಡುವೆ ಯಾರೂ ನಿಂತಿರದ ಜಾಗದತ್ತ ಚಾಚಿದ ಆ ಎರಡು ಕೈಗಳು ಸಾಲು ಮುಗಿಯುವವರೆಗೂ ಕೆಳಗಿಳಿಯಲಿಲ್ಲ.