ಬಿಡದ ಉಸಿರು

ಮತ್ತೆ ಸ್ಕ್ರೀನಿನ ಬಲಮೂಲೆಗೇ ಹೋಯ್ತು ನೋಡು ಕೈ, ಮುಚ್ಚೋ ಗುರುತು ಇದರಲ್ಲಿ ಎಡಕ್ಕಿದೆ ಅಂತ ಎಷ್ಟು ಸಲ ಹೇಳಬೇಕು ಈ ಕೈಗೆ, ಕತ್ತಲಲ್ಲಿ ಮನೆ ಸ್ವಿಚ್ಚು ಹುಡುಕೋ ಹಾಗೆ ತನ್ನಷ್ಟಕ್ಕೆ ಹೋಗುತ್ತೆ, ಅಲ್ಲೇನೂ ಇಲ್ಲ, ಬರೀ ಬೂದು ಬಣ್ಣ — ಹೊಸ ಲ್ಯಾಪ್‌ಟಾಪು, ಬೇರೆ ಕಂಪನೀದು, ಒಳಗಿನ ವ್ಯವಸ್ಥೇನೇ ಬೇರೆ, ಎಲ್ಲಾ ಉಲ್ಟಾ, ತೆಳ್ಳಗೆ ತಣ್ಣಗೆ ಮೇಜಿನ ಮೇಲೆ ಕೂತಿದೆ ಮಹಾರಾಣಿ, ಸದ್ದೇ ಇಲ್ಲ, ಹಳೇದಾದರೆ ಊಟ ಮಾಡಿ ಮಲಗಿದ ಮಾವನ ಹಾಗೆ ಗೊರಗೊರ ಅಂತಿತ್ತು, ಜೀವ ಇದೆ ಅಂತ ಗೊತ್ತಾಗೋದು, ಇದಕ್ಕೆ ಫ್ಯಾನೇ ಇಲ್ವಂತೆ, ಉಸಿರೇ ಆಡಲ್ಲ ಮೇಡಂ ಇದು ಅಂದ ಅಂಗಡಿಯವನು, ಇಲ್ಲ, ಸದ್ದೇ ಮಾಡಲ್ಲ ಅಂದಿದ್ದು, ಉಸಿರು ನಾನು ಸೇರಿಸಿಕೊಂಡಿದ್ದು, ಛೆ, ಆ ಮಾತು ಬೇಡ ಈಗ. ನಾಲ್ಕು ಗಂಟೆಗೆ ಬಾಗಿಲು ತೆಗೀತಾರೆ. ಹಾಲ್ ತುಂಬಾ ಖಾಲಿ ಕುರ್ಚಿ, ಇಬ್ಬರು ಹೆಂಗಸರು ಒಂದೊಂದಕ್ಕೂ ಬಿಳೀ ಬಟ್ಟೆ ತೊಡಿಸ್ತಾ ಇದಾರೆ, ತೊಡಿಸಿದ ಮೇಲೆ ಯಾರೋ ಮುಸುಕು ಹಾಕ್ಕೊಂಡು ನನ್ನ ಕಡೆ ಮುಖ ಮಾಡಿ ಕೂತ ಹಾಗೇ ಕಾಣುತ್ತೆ, ಬಟ್ಟೆ ಅಂಚು ನೆಲಕ್ಕೆ ಇಳಿಬಿದ್ದಿದೆ, ಗಾಳಿ ಇಲ್ಲ, ಒಂದೂ ಅಲ್ಲಾಡ್ತಾ ಇಲ್ಲ. ಕೊನೇ ಗೋಡೆಗೆ ದೊಡ್ಡ ಬಾಗಿಲು, ಅದರ ಎರಡು ಪಕ್ಕಕ್ಕೂ ಹಿಂದಿನ ಸ್ಪೀಕರುಗಳು, ಅವಕ್ಕಿನ್ನೂ ಕೇಬಲ್ ಎಳೆದಿಲ್ಲ, ಸುರುಳಿ ನನ್ನ ಕಾಲ ಹತ್ತಿರಾನೇ ಬಿದ್ದಿದೆ, ಎಳೀಬೇಕು, ಎದ್ದು ಅಲ್ಲಿ ತನಕ ಹೋಗಬೇಕು, ಹೋಗೋಣ, ಏನವಸರ.

ಅಲ್ಲಿಗೆ ಹೋಗೋಕೆ ಮನಸ್ಸಿಲ್ಲ ಅಂತ ಬಾಯಿಬಿಟ್ಟು ಹೇಳು, ಯಾರಿದಾರೆ ಇಲ್ಲಿ ಕೇಳೋಕೆ. ಆ ಕೊನೇ ಗೋಡೆ ನನ್ನ ಜಾಗ. ಯಾವ ಹಾಲ್ ಆದರೂ ಅಷ್ಟೇ, ಇವರು ಮೇಜಿನ ಹತ್ತಿರ, ನಾನು ಕೊನೇ ಗೋಡೆಗೆ ಬೆನ್ನು ಕೊಟ್ಟು ನಿಲ್ಲೋದು, ಇವರು ಹಾಡು ಬಿಡೋದು, ನನ್ನ ತನಕ ಸರಿಯಾಗಿ ಬಂದರೆ ನಾನು ಕೈ ಎತ್ತೋದು, ಕೇಳಿಸ್ತು ಅಂತ, ಅಷ್ಟು ದೂರದಿಂದ ಕೂಗಿದರೆ ಯಾರಿಗೆ ಕೇಳುತ್ತೆ, ಕೈಯೇ ಮಾತು. ಮದುವೆಯಾದ ಹೊಸದರಲ್ಲಿ ಜನ ಏನಂತಿದ್ದರು, ಡೀಜೆ ಹೆಂಡತೀನ ಗೋಡೆಗೆ ಒರಗಿಸಿ ಇಟ್ಟಿದಾನಲ್ಲಪ್ಪ ಅಂತ ನಗೋರು, ನಗಲಿ, ಗೋಡೆ ಹತ್ತಿರ ನಿಂತೋರಿಗೇ ಗೊತ್ತಾಗೋದು ಹಾಡು ಬಂತೋ ಇಲ್ವೋ ಅಂತ. ಅವತ್ತೂ ಅಷ್ಟೇ, ಹೀಗೇ ಮಧ್ಯಾಹ್ನ, ಖಾಲಿ ಹಾಲ್, ಇವರ ಮೈಕು ಸ್ವಲ್ಪ ತೆರೆದೇ ಇತ್ತು, ಯಾವಾಗಲೂ ತೆರೆದೇ ಇರ್ತಿತ್ತು, ರೀ ಮೈಕ್ ಮುಚ್ಚಿ ಅಂತ ಬಾಯಿ ಬಡ್ಕೊಂಡರೂ ಕೇಳ್ತಿರಲಿಲ್ಲ ಮಹಾನುಭಾವರು, ಹಾಡು ಬಿಡೋಕೆ ಮುಂಚೆ ಒಂದು ಉಸಿರು ಒಳಗೆ ಎಳ್ಕೊಳ್ಳೋರು, ಬಾವಿಗೆ ಧುಮುಕೋರ ಹಾಗೆ, ಅದು ಸ್ಪೀಕರಿನಲ್ಲಿ ನನ್ನ ತಲೆ ಮೇಲೇ ಕೇಳಿಸ್ತು, ಸ್ಸ್ ಅಂತ, ಆಮೇಲೆ ಹಾಡು ಬಂತು, ಚೆನ್ನಾಗಿ ಬಂತು, ನಾನು ಕೈ ಎತ್ತಿದೆ, ಇವರು ಕಾಣಲಿಲ್ಲ, ಮೇಜಿನ ಕೆಳಗೆ ಕೇಬಲ್ ನೋಡ್ತಿದಾರೆ ಅಂದ್ಕೊಂಡೆ, ಕುರ್ಚಿ ಜೋಡಿಸ್ತಿದ್ದೋರೂ ಹಾಗೇ ಅಂದ್ಕೊಂಡರು, ಹಾಡು ಮುಗಿಯೋ ತನಕ ಕೈ ಎತ್ತಿಕೊಂಡೇ ನಿಂತಿದ್ದೆ ನಾನು, ನೋಡಲಿ ಅಂತ, ಇವರು ನೋಡಲೇ ಇಲ್ಲ. ಎದೆಬಡಿತ ನಿಂತುಹೋಗಿತ್ತು ಅಂದರು ಡಾಕ್ಟರು.

ಏನಮ್ಮಾ ಎಲ್ಲಾ ರೆಡೀನಾ — ಮ್ಯಾನೇಜರು, ಬೀಗದ ಕೈ ಗೊಂಚಲು ಆಡಿಸ್ಕೊಂಡು ಬಂದ, ಹೂಂ ಸಾರ್ ರೆಡಿ, ಹೋದ ಸಲ ಜನ ಕುಣೀತಿರೋವಾಗಲೇ ನಿಂತುಹೋಯ್ತಲ್ಲ ನಿಮ್ಮದು, ಈ ಸಲ ಹಾಗಾದರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ, ಅಯ್ಯೋ ಇಲ್ಲ ಸಾರ್, ಅದು ಹಳೇ ಕಂಪ್ಯೂಟರು, ಈಗ ಬದಲಾಯಿಸಿದೀನಿ, ನೋಡಿ. ನೋಡಿದ, ತಲೆ ಆಡಿಸಿದ, ಹೋದ, ಗೊಂಚಲು ಝಲ್ ಝಲ್ ಅಂತ ಕಾರಿಡಾರಿನ ತನಕ. ಬೇಜಾರು ಮಾಡ್ಕೋಬೇಡಿ ಅಂತೆ, ಹೇಳೋದೆಲ್ಲಾ ಹೇಳಿ. ಈ ಹಾಲ್ ಹೋದರೆ ಇನ್ನೇನಿದೆ ನನಗೆ, ಬೇರೆ ಹಾಲಿನೋರೆಲ್ಲ ಇವರು ಹೋದಮೇಲೆ ಫೋನ್ ಎತ್ತೋದನ್ನೇ ಬಿಟ್ಟರು, ಹೆಂಗಸು ಒಬ್ಬಳೇ ಏನು ಮಾಡ್ತಾಳೆ ಅಂತ. ಹಳೇದು ಅವತ್ತು ಕುಣಿತದ ಮಧ್ಯೆ ಸ್ಕ್ರೀನೆಲ್ಲಾ ನೀಲಿ ಮಾಡ್ಕೊಂಡು ಕೂತುಬಿಡ್ತು, ಗಂಟಲು ಕಟ್ಟಿದೋರ ಹಾಗೆ, ಇನ್ನು ಇದು ಬೇಡ ಮೇಡಂ, ಬೇರೆ ಜಾತೀದು ತಗೊಳ್ಳಿ, ಹಾಡೆಲ್ಲಾ ನಾನು ಇಳಿಸಿಕೊಡ್ತೀನಿ ಅಂದ ಅಂಗಡಿಯವನು, ಇಳಿಸಿಕೊಟ್ಟ, ಹಳೇದನ್ನ ಪೂರ್ತಿ ಒರೆಸಿಬಿಟ್ಟೆ ಅಂದ, ಒರೆಸಿ ಅಂದವಳು ನಾನೇ ತಾನೆ. ಹಾಡು ಬಂದವು, ಗುರುತು ಬರಲಿಲ್ಲ. ಹಾಡು ಎಲ್ಲಿಂದ ಶುರು ಆಗಬೇಕು ಅಂತ ಇವರು ಪ್ರತಿಯೊಂದಕ್ಕೂ ಒಂದು ಗೆರೆ ಹಾಕಿಟ್ಟಿದ್ದರು, ಬಟನ್ ಒತ್ತಿದರೆ ನೇರ ಅಲ್ಲಿಗೇ ಹೋಗೋದು, ತಾಳದ ಮೊದಲ ಏಟಿಗೇ, ಆ ಗೆರೆಗಳ ಭಾಷೆ ಇದಕ್ಕೆ ಅರ್ಥ ಆಗಲ್ವಂತೆ, ಆ ವ್ಯವಸ್ಥೆಯ ಗುರುತು ಈ ವ್ಯವಸ್ಥೆಗೆ ಬರಲ್ವಂತೆ, ಹೀಗಾಗಿ ಇದು ಎಲ್ಲಾ ಹಾಡನ್ನೂ ತಲೆಯಿಂದ ಶುರು ಮಾಡುತ್ತೆ. ತಲೆಯಲ್ಲಿ ಏನಿದೆ ಅಂತ ನನಗೇನು ಗೊತ್ತಿತ್ತು.

ಹಳೇ ರೆಕಾರ್ಡುಗಳಿಂದ ಇವರೇ ಕೂತು ಕಂಪ್ಯೂಟರಿಗೆ ಇಳಿಸಿದ ಹಾಡುಗಳು, ಬೇರೆ ಎಲ್ಲೂ ಸಿಗಲ್ಲ, ಅದಕ್ಕೇ ಜನ ನಮ್ಮನ್ನ ಕರೀತಿದ್ದಿದ್ದು, ಇಳಿಸೋವಾಗಲೂ ಮೈಕ್ ತೆರೆದೇ ಇಟ್ಟಿದಾರೆ ಪುಣ್ಯಾತ್ಮ, ಮುಳ್ಳು ಇಡೋಕೆ ಮುಂಚೆ ಉಸಿರು ಎಳ್ಕೊಂಡಿದಾರೆ, ಪ್ರತಿ ಹಾಡಿಗೂ, ಸ್ಸ್. ಇಷ್ಟು ವರ್ಷ ಗೆರೆ ಅದನ್ನ ಹಾರಿಸಿಕೊಂಡು ಹೋಗ್ತಿತ್ತು. ಈಗ ಒಂದೊಂದು ಹಾಡಿಗೂ ಮುಂಚೆ ಇವರು. ಒಂದರಲ್ಲಿ ನೆಗಡಿ ಆಗಿದೆ, ಒಂದರಲ್ಲಿ ನಗು ತಡ್ಕೊಂಡಿದಾರೆ, ಒಂದರಲ್ಲಿ ಹಿಂದೆ ನನ್ನ ದನಿ, ರೀ ತಟ್ಟೆ ಹಾಕಿದೀನಿ — ಅಷ್ಟರಲ್ಲಿ ಹಾಡು ಬಂದು ನನ್ನ ಬಾಯಿ ಮುಚ್ಚಿಸುತ್ತೆ. ಗೆರೆ ಹಾಕ್ಕೋ ಒಂದೊಂದಕ್ಕೇ, ಅದೇನು ದೊಡ್ಡ ಕೆಲಸ ಅಂತ ಕೂತರೆ ಕೇಳ್ತಾ ಕೂತುಬಿಡ್ತೀನಿ, ಎಳ್ಕೊಂಡರು, ಈಗ ಬಿಡ್ತಾರೆ, ಈಗ ಬಿಡ್ತಾರೆ ಅಂತ, ಬಿಡಲ್ಲ, ಹಾಡು ಶುರು ಆಗುತ್ತೆ, ಇನ್ನೊಂದು ಹಾಡು, ಅದರಲ್ಲೂ ಬಿಡಲ್ಲ. ಸ್ಕ್ರೀನ್ ಮೇಲೆ ಹಾಡೆಲ್ಲಾ ಗುಡ್ಡದ ಸಾಲಿನ ಹಾಗೆ ಕಾಣುತ್ತೆ, ಅದಕ್ಕೆ ಮುಂಚೆ ಸಪಾಟು ಗೆರೆ, ಆ ಗೆರೆ ಮೇಲೆ ಪುಟ್ಟದೊಂದು ಉಬ್ಬು, ಅದೇ ಇವರು. ಮೊದಲ ದಿನ ನೋಡಿದಾಗ ಜೀರಿಗೆಯಷ್ಟಿತ್ತು. ನಿನ್ನೆ ಅಕ್ಕಿಕಾಳಿನಷ್ಟು. ಬೆಳೀತಾ ಇದೆಯಾ ಅಂತ ಕಣ್ಣುಜ್ಜಿ ನೋಡಿದೆ, ಥೂ ನಿನ್ನ ತಲೆ ಕೆಟ್ಟಿದೆ, ಸ್ಕ್ರೀನ್ ದೊಡ್ಡದು ಮಾಡಿಕೊಂಡಿರ್ತೀಯ ಅಂತ ನನಗೆ ನಾನೇ ಬೈಕೊಂಡೆ.

ಅತ್ತೆಗೆ ಕೇಳಿಸಬಾರದಿತ್ತು. ಕಿವಿ ಮಂದ ಅವರಿಗೆ, ಹೆಡ್‌ಫೋನ್ ಹಾಕಿದೆ, ನಿಮ್ಮ ಮಗ ಅತ್ತೆ, ಕೇಳಿ. ಸೆರಗು ಹಿಡಿದುಕೊಂಡು ಕೂತು ಕೇಳಿದರು, ಹಾಡು ಶುರು ಆಯ್ತು, ಅವರ ಮುಖ ಹಾಗೇ ಇತ್ತು, ನೋಡ್ತೀನಿ ಅವರೂ ಉಸಿರು ಎಳ್ಕೊಂಡವರು ಬಿಟ್ಟೇ ಇಲ್ಲ, ಅತ್ತೇ, ಅತ್ತೇ, ಬಿಡಿ ಅಂತ ಬೆನ್ನು ತಟ್ಟಿದೆ. ಎಳ್ಕೊಂಡ, ಬಿಡಲೇ ಇಲ್ಲವಲ್ಲೇ ಅಂದರು. ಇನ್ನೊಂದು ಹಾಕು. ಇನ್ನೊಂದು ಹಾಕಿದೆ. ಹೆಡ್‌ಫೋನ್ ಕಿತ್ತು ನನ್ನ ಮಡಿಲಿಗೆ ಹಾಕಿದರು, ಎಷ್ಟು ದಿನ ಅಂತ ಅವನನ್ನ ಉಸಿರು ಕಟ್ಟಿಸಿ ನಿಲ್ಲಿಸ್ಕೋತೀಯ, ಅವನ ಎದೆ ನೋಯಲ್ವೇನೇ, ಬಿಟ್ಟುಬಿಡೇ. ನಾನೆಲ್ಲಿ ಹಿಡ್ಕೊಂಡಿದೀನಿ ಅತ್ತೆ, ಕಂಪ್ಯೂಟರ್ ಬದಲಾಯಿಸಿದ್ದಕ್ಕೆ ಹೀಗಾಗಿದ್ದು ಅಂದೆ, ಅವರಿಗೆ ಕೇಳಲಿಲ್ಲ, ಇಲ್ಲಾ ಕೇಳದ ಹಾಗೆ ಎದ್ದು ಒಳಗೆ ಹೋದರು.

ಅಂಗಡಿಯವನಿಗೆ ಫೋನ್ ಮಾಡಿದ್ದಕ್ಕೆ ಅದಕ್ಯಾಕೆ ತಲೆ ಕೆಡಿಸ್ಕೋತೀರ ಮೇಡಂ ಅಂದ, ಅದರಲ್ಲೇ ಒಂದು ಬಟನ್ ಇದೆ, ಹಾಡಿನ ಮುಂಚಿನ ಖಾಲಿ ಜಾಗ ಕತ್ತರಿಸೋದು, ಒಂದು ಸಲ ಒತ್ತಿ, ಎಲ್ಲಾ ಹಾಡೂ ಚೊಕ್ಕ, ಆದರೆ ಕತ್ತರಿಸಿದ್ದು ವಾಪಸ್ ಬರಲ್ಲ ನೋಡಿ, ಖಾಲಿ ಜಾಗ ತಾನೇ, ಹೋದರೆ ಹೋಗಲಿ. ಖಾಲಿ ಜಾಗ! ಆ ಬಟನ್ ಈಗ ಕಣ್ಣೆದುರಿಗೇ ಇದೆ, ಎಡಕ್ಕೆ ಕತ್ತರಿಸು, ಬಲಕ್ಕೆ ಬೇಡ, ಎರಡೇ ಮಾತು. ಒಂದು ಪ್ರತಿ ಬೇರೆ ಇಟ್ಟುಕೊಂಡು ಕತ್ತರಿಸಬಹುದಲ್ಲ — ಇಟ್ಟುಕೊಂಡು? ಮನೇಲಿ ಬಾಗಿಲು ಹಾಕ್ಕೊಂಡು ಕೇಳ್ತಾ ಕೂರೋಕಾ? ಗೊತ್ತಿಲ್ವಾ ನನಗೆ ನನ್ನ ಬುದ್ಧಿ. ಕತ್ತರಿಸದಿದ್ದರೆ ನಾಲ್ಕಕ್ಕೆ ಬಾಗಿಲು ತೆಗೀತಾರೆ, ಇವತ್ತಿನ ಸಮಾರಂಭ ಯಾರದೋ ಅವರು, ಮದುವೆಯಾಗಿ ಐವತ್ತು ವರ್ಷ ಆದ ಅಜ್ಜ ಅಜ್ಜಿ ಒಳಗೆ ಕಾಲಿಡ್ತಾರೆ, ಮೊಮ್ಮಗಳು ಹೇಳಿದ್ದು ನೆನಪಿದೆಯಲ್ಲ, ಆಂಟಿ, ಬಾಗಿಲು ತೆಗೆದ ತಕ್ಷಣ ಹಾಡು ಬರಬೇಕು, ಒಂದು ಚೂರೂ ತಡ ಆಗಬಾರದು, ಅವರು ಮದುವೇಲಿ ಕುಣಿದ ಹಾಡು ಅದು, ನಿಮ್ಮ ಹತ್ತಿರ ಮಾತ್ರ ಇರೋದು — ಬಾಗಿಲು ತೆಗೀತಾರೆ, ಹಾಡಿನ ಬದಲು ಇಡೀ ಹಾಲಿಗೆ ಸತ್ತವರೊಬ್ಬರು ಉಸಿರು ಎಳ್ಕೋತಾರೆ. ಅಜ್ಜಿ ಎದೆ ಹಿಡ್ಕೊಂಡು ಕೂತರೆ ಯಾರು ಹೊಣೆ. ಅಲ್ಲಿಗೆ ಮುಗೀತು ನನ್ನ ಕಥೆ, ಈ ಹಾಲೂ ಹೋಯ್ತು, ಹೊಸ ಕಂಪ್ಯೂಟರ್ ತಬ್ಬಿಕೊಂಡು ಮನೇಲಿ ಕೂರೋದು.

ಹೆಂಗಸರು ಕುರ್ಚಿ ಕೆಲಸ ಮುಗಿಸಿ ಹೋದರು, ಟೀ ಕುಡಿದು ಬರ್ತೀವಿ ಅಕ್ಕಾ, ಹೂಂ ಹೋಗಿಬನ್ನಿ, ಬಾಗಿಲು ಮುಚ್ಚಿದ ಸದ್ದು, ಆಮೇಲೆ ಏನೂ ಇಲ್ಲ, ಇಷ್ಟೊಂದು ಏನೂ ಇಲ್ಲದಿರೋದು ಹಳೇ ಕಂಪ್ಯೂಟರ್ ಇದ್ದಾಗ ಇರ್ತಿರಲಿಲ್ಲ. ಸರಿ, ಅಜ್ಜನ ಹಾಡು ಒಂದಕ್ಕೆ ಗೆರೆ ಹಾಕ್ಕೊಂಡುಬಿಡೋಣ, ಉಳಿದಿದ್ದು ಆಮೇಲೆ, ತೆರೆದೆ, ಉಬ್ಬು ಎಲ್ಲಿ — ಅಯ್ಯೋ. ಹುಣಸೆ ಬೀಜದಷ್ಟಾಗಿದೆ. ಇಲ್ಲ, ಸ್ಕ್ರೀನ್ ದೊಡ್ಡದು ಮಾಡಿಲ್ಲ, ನೋಡಿದೆ, ಮಾಡಿಲ್ಲ. ಹೆಡ್‌ಫೋನ್ ಹಾಕ್ಕೊಂಡೆ, ಸ್ಸ್ಸ್ಸ್ಸ್, ಉದ್ದಕ್ಕೆ, ಎಳೀತಾನೇ ಇದಾರೆ, ಇನ್ನೂ, ಇನ್ನೂ, ನನ್ನ ಎದೇನೂ ತುಂಬ್ತಾ ಇದೆ, ಸಾಕು ರೀ, ಹಾಡು ಬಂತು ಸದ್ಯ. ಬೇರೆ ಹಾಡು ನೋಡು, ಅದರಲ್ಲೂ. ಅದರ ಪಕ್ಕದ್ದು, ಅದರಲ್ಲೂ. ಇವತ್ತು ಬೆಳಿಗ್ಗೆ ಆ ಮೊಮ್ಮಗಳು ಕಳಿಸಿದ ಹೊಸ ಹಾಡು ಇದೆಯಲ್ಲ, ಹೋದ ವಾರ ಬಂದಿದ್ದು, ಇವರು ಮುಟ್ಟಿದ್ದಲ್ಲ, ಇವರು ಇದ್ದಾಗ ಹುಟ್ಟೇ ಇರಲಿಲ್ಲ ಅದು, ಅದು ಚೊಕ್ಕ ಇರಲೇಬೇಕು, ತೆರೆದೆ. ಸಪಾಟು ಗೆರೆ. ಗೆರೆ ಮೇಲೆ ಉಬ್ಬು.

ಹೆದರಿಕೆ ಅಂದ್ಕೊಂಡೆ, ಹೆದರಿಕೆ ಅಲ್ಲ, ಅಳು. ಇವರಿಗೆ ಜಾಗ ಸಾಲ್ತಾ ಇಲ್ಲ. ಎಳ್ಕೊಂಡಿದ್ದನ್ನ ಎಲ್ಲಿ ಬಿಡಬೇಕು ಅಂತ ಹುಡುಕ್ತಾ ಇದಾರೆ, ಸಿಕ್ಕಿದ ಹಾಡಿಗೆಲ್ಲಾ ಬಂದು ನಿಂತ್ಕೋತಿದಾರೆ, ನಾನು ಹೆಡ್‌ಫೋನ್ ಹಾಕ್ಕೊಂಡು ಕೂತಿರೋ ತನಕ ಎಳೀತಾನೇ ಇರ್ತಾರೆ, ಅವತ್ತು ಹಾಡು ಮುಗಿಯೋ ತನಕ ನಾನು ಕಾಯ್ತಾ ನಿಂತಿದ್ದೆನಲ್ಲ, ಹಾಗೇ ಇವರೂ, ಇಬ್ಬರೂ ಕಾಯೋರೇ ಆದರೆ ಹೇಗೆ. ಅವನ ಎದೆ ನೋಯಲ್ವೇನೇ. ನೋಯುತ್ತೆ ಅತ್ತೆ. ರೀ, ಸಿಟ್ಟು ಮಾಡ್ಕೋಬೇಡಿ, ನಿಮ್ಮನ್ನ ಕಳಕೊಳ್ಳೋಕೆ ನನಗೆ ಆಗಲ್ಲ, ನಿಜವಾಗಿ ಆಗಲ್ಲ, ಆದರೂ — ಕೈ ಬಲಮೂಲೆಗೆ ಹೋಯ್ತು, ಅಲ್ಲಲ್ಲ, ಎಡಕ್ಕೆ, ಎಡಕ್ಕೆ ಬಾ, ಕತ್ತರಿಸು. ಒತ್ತಿದೆ. ಹಸಿರು ಪಟ್ಟಿ ಮೆಲ್ಲಗೆ ತುಂಬ್ತಾ ಹೋಯ್ತು, ಹಾಡುಗಳ ಹೆಸರು ಒಂದರ ಹಿಂದೆ ಒಂದು ಓಡ್ತಾ ಇವೆ, ತಟ್ಟೆ ಹಾಕಿದೀನಿ ಅಂದಿದ್ದು ಹೋಯ್ತು, ನೆಗಡಿ ಹೋಯ್ತು, ನಗು ಹೋಯ್ತು, ಮುಗೀತು ಅಂತ ಬಂತು. ಅಜ್ಜನ ಹಾಡು ತೆರೆದೆ, ಸಪಾಟು ಗೆರೆ ಇಲ್ಲ, ಉಬ್ಬಿಲ್ಲ, ಮೊದಲ ಏಟಿನಿಂದಲೇ ಗುಡ್ಡ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ.

ಆಗ ಬಿಟ್ಟರು. ಹಾಲಿನ ಕೊನೇ ಗೋಡೆಯಿಂದ, ಬಾಗಿಲ ಎರಡು ಪಕ್ಕದ ಸ್ಪೀಕರಿನಿಂದ, ಕೇಬಲ್ ಸುರುಳಿ ಇನ್ನೂ ನನ್ನ ಕಾಲ ಹತ್ತಿರಾನೇ ಇದೆ, ಮೈಕು ಪೆಟ್ಟಿಗೆಯಿಂದ ತೆಗೆದೇ ಇಲ್ಲ, ಹಾ — ಅಂತ, ಉದ್ದಕ್ಕೆ, ಮೆತ್ತಗೆ, ಹೊತ್ತ ಮೂಟೆ ಇಳಿಸಿದೋರ ಹಾಗೆ, ಕೊನೇ ಸಾಲಿನ ಕುರ್ಚಿ ಬಟ್ಟೆ ಅಂಚು ಅಲ್ಲಾಡ್ತು, ಅದರ ಮುಂದಿನ ಸಾಲು, ಅದರ ಮುಂದಿನದು, ಸಾಲು ಸಾಲಾಗಿ ನನ್ನ ತನಕ ಬಂತು, ಮುಖಕ್ಕೆ ತಾಗ್ತು, ಬೆಚ್ಚಗಿತ್ತು, ಕೂದಲು ಕಣ್ಣಿಗೆ ಬಿತ್ತು, ನಾನು ಕೈ ಎತ್ತಿದೆ. ಕೇಳಿಸ್ತು ರೀ. ಬಾಗಿಲು ತೆಗೀತಿದಾರೆ, ಆಗಲೇ ನಾಲ್ಕಾಯ್ತಾ, ಎಡಗೈ ತಾನೇ ಹೋಗಿ ಒತ್ತಿತು, ಹಾಡು ಬಿತ್ತು, ಬಾಗಿಲು ತೆಗೆದ ಕ್ಷಣಕ್ಕೇ, ಚೂರೂ ತಡ ಇಲ್ಲ, ಮೊಮ್ಮಗಳು ಚಪ್ಪಾಳೆ ಹೊಡೀತಿದಾಳೆ, ಮ್ಯಾನೇಜರ್ ತಲೆ ಆಡಿಸ್ತಿದಾನೆ, ಅಜ್ಜಿ ಅಜ್ಜನ ತೋಳು ಹಿಡ್ಕೊಂಡಿದಾಳೆ, ಬಲಗೈ ಇಳಿಸಬೇಕು, ಏನಂದ್ಕೋತಾರೆ ಜನ, ಇಳೀತಾ ಇಲ್ಲ, ಅಜ್ಜ ನನ್ನ ನೋಡಿದ, ನಿಂತ, ನಕ್ಕ, ನಮಗೇ ಕೈ ಎತ್ತಿದಾಳೆ ಅಂದ್ಕೊಂಡನೋ ಏನೋ, ಅಲ್ಲಿ ಕೊನೇ ಗೋಡೆ ಹತ್ತಿರ, ನನ್ನ ಜಾಗದಲ್ಲಿ, ತಾನೂ — ಕೈ ಎತ್ತಿದ, ರೀ, ಎತ್ತಿದ ಕೈ —