ನೂರಾ ನಲವತ್ತು ಸುತ್ತು

ಜಿಮ್ಮಿನ ಬಾಗಿಲ ತನಕ ಬಂದು ಕಡ್ಡಿಯಕ್ಕ ಮೂರು ಸಲ ವಾಪಸು ಹೋಗಿದ್ದಳು. ಮೊದಲ ಸಲ, ಒಳಗೆಲ್ಲ ಗಂಡಸರೇ ತುಂಬಿದ್ದಾರೆ ಅನ್ನುವ ನೆಪ. ಎರಡನೇ ಸಲ, ಕಾಲಿಗೆ ಸರಿಯಾದ ಬೂಟಿಲ್ಲ ಅನ್ನುವ ನೆಪ. ಮೂರನೇ ಸಲ ನೆಪವೂ ಸಿಗದೆ ಎದುರಿನ ಬೇಕರಿಗೆ ನುಗ್ಗಿ, ಒಂದು ಬ್ರೆಡ್ಡು ಕೊಂಡು ಮನೆಗೆ ಬಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ಆ ನೆಲಕ್ಕೆ ಇನ್ನೂ ಕಾಲೇ ಇಟ್ಟಿರಲಿಲ್ಲ.

ಹಾಗಂತ ಅವಳನ್ನು ಹೇಡಿ ಅನ್ನಬೇಡಿ. ನಲವತ್ನಾಲ್ಕು ವರ್ಷದ ಹೆಂಗಸು, ಇಪ್ಪತ್ತು ವರ್ಷದಿಂದ ಅಪ್ಪನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೂತು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಎತ್ತಿ ಕೂರಿಸಿದವಳು. ಅದಕ್ಕೆ ಬೇಕಾದ ಎದೆಗಾರಿಕೆ ನಿಮಗೂ ಇಲ್ಲ, ನನಗೂ ಇಲ್ಲ. ಆದರೆ ಅವಳ ಮೈಯಲ್ಲಿ ಮಾಂಸ ಎಲ್ಲಿದೆ ಅಂತ ಹುಡುಕಲೂ ಅದೇ ಭೂತಗನ್ನಡಿ ಬೇಕಿತ್ತು. ಸ್ಕೂಲಿನಲ್ಲಿ ಬಿದ್ದ ಕಡ್ಡಿ ಅನ್ನುವ ಹೆಸರು ಹಾಗೇ ಅಂಟಿಕೊಂಡು, ವಯಸ್ಸಿನ ಮರ್ಯಾದೆಗೆ ಒಂದು ಅಕ್ಕ ಸೇರಿಸಿಕೊಂಡಿತ್ತು.

ಇಂಥವಳಿಗೆ ಜಿಮ್ಮು ಯಾಕೆ ಬೇಕಾಯಿತು ಅಂದರೆ, ಊರ ನಡುವಿನ ಗೋಪುರದ ಗಡಿಯಾರಕ್ಕಾಗಿ.

ಆ ಗಡಿಯಾರಕ್ಕೆ ಕರೆಂಟೂ ಇಲ್ಲ, ಬ್ಯಾಟರಿಯೂ ಇಲ್ಲ. ಇನ್ನೂರು ಕಿಲೋ ತೂಗುವ ಒಂದು ಕಬ್ಬಿಣದ ಗುಂಡು ಗೋಪುರದೊಳಗೆ ಉಕ್ಕಿನ ಹಗ್ಗಕ್ಕೆ ನೇತುಬಿದ್ದಿದೆ. ಅದು ವಾರವಿಡೀ ನಿಧಾನವಾಗಿ ಕೆಳಕ್ಕೆ ಇಳಿಯುತ್ತದೆ. ಇಳಿಯುವ ಆ ಭಾರವೇ ಮುಳ್ಳು ತಿರುಗಿಸುತ್ತದೆ, ಗಂಟೆ ಹೊಡೆಸುತ್ತದೆ. ಸೋಮವಾರ ಬೆಳಿಗ್ಗೆ ಯಾರಾದರೂ ಮೇಲೆ ಹತ್ತಿ, ಹಿಡಿಕೆ ತಿರುಗಿಸಿ, ಗುಂಡನ್ನು ಮತ್ತೆ ಮೇಲಕ್ಕೆ ಏರಿಸಬೇಕು. ನೂರಾ ನಲವತ್ತು ಸುತ್ತು. ನಲವತ್ತು ವರ್ಷ ಅದಕ್ಕೆ ಕೀ ಕೊಟ್ಟವನು ಅವಳ ಅಪ್ಪ, ಊರವರ ಬಾಯಲ್ಲಿ ಗಂಟೆಯಪ್ಪ.

ತಿರುಗಿಸುವಾಗ ಒಂದು ಕೊಂಡಿ ಹಲ್ಲುಚಕ್ರಕ್ಕೆ ಕಟಕ್ ಅಂತ ಸಿಕ್ಕಿಕೊಂಡು ಭಾರವನ್ನು ತಡೆದು ಹಿಡಿಯುತ್ತದೆ. ಕೈ ಸೋತರೆ ಬಿಟ್ಟು ಸುಧಾರಿಸಿಕೊಳ್ಳಬಹುದು. ಆದರೆ ಹತ್ತು ವರ್ಷದಿಂದ ಆ ಚಕ್ರದ ಒಂದು ಹಲ್ಲು ಸವೆದಿದೆ. ಹತ್ತು ಸುತ್ತಿಗೊಮ್ಮೆ ಆ ಹಲ್ಲು ಬರುತ್ತದೆ, ಕೊಂಡಿ ಜಾರುತ್ತದೆ. ಆ ಗಳಿಗೆ ಭಾರವೆಲ್ಲ ತಿರುಗಿಸುವವರ ಕೈಮೇಲೆ. ಅಲ್ಲಿ ಕೈ ಸಡಿಲಾಯಿತೋ, ಹಿಡಿಕೆ ಗರ್ರನೆ ಹಿಂದಕ್ಕೆ ತಿರುಗುತ್ತದೆ. ಹೋದ ವರ್ಷ ಹಾಗೆ ತಿರುಗಿಯೇ ಗಂಟೆಯಪ್ಪನ ಬಲಭುಜ ಮುರಿದದ್ದು. ಅಂಥ ಚಕ್ರ ಎರಕ ಹೊಯ್ಯುವವರು ಈಗ ಯಾರೂ ಉಳಿದಿಲ್ಲ.

ಪುರಸಭೆಯ ಇಂಜಿನಿಯರು ಮನೆಗೇ ಬಂದು ವಿಷಯ ಹೇಳಿದರು. ಕೆಟ್ಟ ಮನುಷ್ಯರೇನಲ್ಲ. "ನಲ್ಲಿ ರಿಪೇರಿಯವರಿಬ್ಬರನ್ನ ಕೀ ಕೊಡೋಕೆ ಕಳಿಸ್ತಿದೀನಿ. ಇನ್ನು ಮೂರು ತಿಂಗಳು ಕಳಿಸ್ತೀನಿ, ಅಷ್ಟೇ. ಆಮೇಲೆ ಗಡಿಯಾರ ನಿಲ್ಸಿ, ಗಂಟೆ ಸದ್ದು ರೆಕಾರ್ಡ್ ಮಾಡಿ ಸ್ಪೀಕರಲ್ಲಿ ಹಾಕ್ತೀವಿ. ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ ಬಿಡಿ."

ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಗಂಟೆ ಎಣಿಸುವುದೊಂದೇ ಗಂಟೆಯಪ್ಪನಿಗೆ ಉಳಿದಿದ್ದ ಕೆಲಸ. ಅವತ್ತು ಊಟ ಬೇಡ ಅಂದ. ಮರುದಿನವೂ ಬೇಡ ಅಂದ. ಅದನ್ನು ನೋಡಲಾರದೆ ಅವಳು ಇಂಜಿನಿಯರಿಗೆ ಫೋನ್ ಮಾಡಿ, "ಮೂರು ತಿಂಗಳಾದ್ಮೇಲೆ ನಾನೇ ಕೀ ಕೊಡ್ತೀನಿ ಸಾರ್" ಅಂದುಬಿಟ್ಟಳು. ಅಂದದ್ದೇನೋ ಅಂದಳು, ಮುಂದಿನ ಸೋಮವಾರ ಗೋಪುರ ಹತ್ತಿ ಹಿಡಿಕೆ ಹಿಡಿದರೆ ಒಂಬತ್ತು ಸುತ್ತಿಗೇ ತೋಳು ಸೋತು ಹೋಯಿತು. ಹತ್ತನೆಯದಕ್ಕೆ ಧೈರ್ಯ ಬರಲಿಲ್ಲ. ಉಳಿದದ್ದನ್ನು ನಲ್ಲಿಯವರೇ ಮುಗಿಸಿದರು.

"ಕಡ್ಡಿನ ಗುಡ್ಡ ಮಾಡೋಕೆ ಹೊರಟಿದೀಯ. ಬಿಟ್ಹಾಕು ಮಗಳೇ," ಅಂದ ಅಪ್ಪ.

ಬಿಟ್ಟುಹಾಕುವ ಜಾತಿ ಅವಳದಲ್ಲ. ನಾಲ್ಕನೆಯ ಸಲ ಕಣ್ಣುಮುಚ್ಚಿಕೊಂಡು ಜಿಮ್ಮಿನ ಬಾಗಿಲು ತಳ್ಳಿದಳು.

ಒಳಗೆ ಸುತ್ತಲೂ ಕನ್ನಡಿ. ಒಬ್ಬಳು ಕಡ್ಡಿಯಕ್ಕ ಸಾಲದು ಅಂತ ಹನ್ನೆರಡು ಕಡ್ಡಿಯಕ್ಕಂದಿರು ಬೆದರಿದ ಮುಖ ಮಾಡಿಕೊಂಡು ಅವಳನ್ನೇ ನೋಡುತ್ತಿದ್ದರು. ರಬ್ಬರಿನ ವಾಸನೆ, ಬೆವರಿನ ವಾಸನೆ, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಮೇಜಿನ ಹಿಂದೆ ಗಿಡ್ಡ ಮೈಯ ಒಬ್ಬ ಹೆಂಗಸು ರಿಜಿಸ್ಟರು ಬರೆಯುತ್ತಿದ್ದಳು. ಅವಳೇ ಕೋಚ್.

"ಎಷ್ಟು ಕಿಲೋ ಇಳಿಸ್ಬೇಕು ಅಕ್ಕ?" ತಲೆ ಎತ್ತದೆ ಕೇಳಿದಳು.

"ಇಳಿಸೋಕಲ್ಲಮ್ಮ, ಏರಿಸ್ಬೇಕು. ಇನ್ನೂರು ಕಿಲೋ."

ಕೋಚ್ ತಲೆ ಎತ್ತಿದಳು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಕಡ್ಡಿಯಕ್ಕ ತಡವರಿಸುತ್ತಾ ಗೋಪುರ, ಗುಂಡು, ಸವೆದ ಹಲ್ಲು ಎಲ್ಲ ಒದರಿದಳು. ನಗುತ್ತಾಳೆ ಅಂದುಕೊಂಡರೆ ಕೋಚ್ ನಗಲಿಲ್ಲ. "ಗಂಟೆಯಪ್ಪನ ಮಗಳಾ ನೀವು? ನಮ್ಮನೆ ಅವಳಿ ಪಿಶಾಚಿಗಳು ಸ್ಕೂಲಿಗೆ ಹೊರಡೋದೇ ಆ ಎಂಟರ ಗಂಟೆ ಕೇಳಿ. ಬನ್ನಿ, ಮೊದ್ಲು ಒಂದು ತೋರಿಸ್ತೀನಿ."

ನೆಲದ ಮೇಲೆ ಒಂದು ಉದ್ದದ ರಾಡು, ಎರಡೂ ಕಡೆ ಬಂಡಿಗಾಲಿಯಂಥ ಬಿಲ್ಲೆಗಳು. ನೂರು ಕಿಲೋ. ಕೋಚ್ ಅದರ ಮುಂದೆ ನಿಂತು ಬಗ್ಗಿದಳು, ರಾಡು ಹಿಡಿದಳು, ಬೆನ್ನು ಹಲಗೆಯ ಹಾಗೆ ನೇರವಾಯಿತು. ಆಮೇಲೆ ಅವಳು ಸುಮ್ಮನೆ ಎದ್ದು ನಿಂತಳು. ಅಷ್ಟೇ. ಎದ್ದು ನಿಂತಳು, ನೂರು ಕಿಲೋ ಅವಳ ಜೊತೆ ಎದ್ದು ನಿಂತಿತು. ರಾಡು ಎರಡೂ ತುದಿಯಲ್ಲಿ ಸ್ವಲ್ಪ ಬಾಗಿತ್ತು. ಕಡ್ಡಿಯಕ್ಕನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ತನ್ನ ಭುಜಕ್ಕೆ ಬರುವಷ್ಟು ಎತ್ತರದ ಹೆಂಗಸು! ಅಬ್ಬಬ್ಬಾ, ಮನುಷ್ಯರ ಮೈಯೊಳಗೆ ಇಂಥದ್ದೂ ಅಡಗಿ ಕೂತಿರುತ್ತದೆಯೇ ಅಂತ ಅವಳ ಕಣ್ಣಲ್ಲಿ ನೀರೇ ಬಂತು.

"ನನ್ನ ಕೈಲಿ ಇದೆಲ್ಲಿ ಆಗುತ್ತೆ?"

"ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ. ನೀವು ಇದನ್ನ ಹಿಡೀರಿ," ಅಂತ ಕೋಚ್ ಅವಳ ಕೈಗೆ ಐದೈದು ಕಿಲೋದ ಎರಡು ಡಂಬೆಲ್ಲು ಕೊಟ್ಟಳು.

ಆರನೆಯ ಸಲ ಎತ್ತುವಾಗ ಕಡ್ಡಿಯಕ್ಕನ ಕಣ್ಣಿಗೆ ಕತ್ತಲೆ ಕವಿದು, ದೊಪ್ಪನೆ ನೆಲಕ್ಕೆ ಕೂತಳು. ಎಲ್ಲರೂ ತಿರುಗಿ ನೋಡಿದರು. ನಾಚಿಕೆಯಲ್ಲಿ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಕೋಚ್ ನೀರು ಕೊಟ್ಟು ಮುಖ ನೋಡಿದಳು. "ಅಕ್ಕ, ನೀವು ಉಸಿರೇ ಆಡ್ತಿಲ್ಲ."

ನಿಜ. ಗಡಿಯಾರದ ಕೆಲಸದಲ್ಲಿ ಅಪ್ಪ ಮೊದಲ ದಿನ ಕಲಿಸಿದ್ದೇ ಅದು: ಚಿಮಟ ಎತ್ತಿದೆಯೋ, ಉಸಿರು ಹಿಡಿ. ಮೂಗಿನ ಗಾಳಿಗೆ ಹಾರಿಹೋದ ಸ್ಕ್ರೂ ಹುಡುಕಿ ಹುಡುಕಿ ಕಲಿತ ಪಾಠ. ಇಪ್ಪತ್ತು ವರ್ಷ ಅವಳು ಉಸಿರು ಹಿಡಿದೇ ಅನ್ನ ಸಂಪಾದಿಸಿದ್ದಳು. ಇಲ್ಲಿ ಎಲ್ಲ ತಿರುಗುಮುರುಗು. "ಭಾರ ಏರೋವಾಗ ಉಸಿರು ಬಿಡಿ," ಅಂತ ಕೋಚ್ ಹೇಳುವುದು, ಇವಳು ಹಿಡಿಯುವುದು. ಒಂದು ವಾರವೆಲ್ಲ ಇದೇ ಹಾಡು. ಕೊನೆಗೆ ಕೋಚ್ ಅವಳಿಂದ ಪ್ರತಿ ಸಲವೂ ಗಟ್ಟಿಯಾಗಿ ಹೂಂ ಅನ್ನಿಸಿದಳು. ಪಕ್ಕದಲ್ಲಿ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದ ಗಂಡಸರೂ ಅವಳ ಹೂಂಕಾರಕ್ಕೆ ಜಾಗ ಬಿಟ್ಟರು.

ಎರಡನೆಯ ವಾರ ಮೂಲೆಯ ಒಂದು ಯಂತ್ರ ಅವಳ ಕಣ್ಣಿಗೆ ಬಿತ್ತು. ಮೇಲೊಂದು ರಾಟೆ, ರಾಟೆಯ ಮೇಲೆ ಉಕ್ಕಿನ ಹಗ್ಗ, ಹಗ್ಗದ ತುದಿಗೆ ಒಂದರ ಮೇಲೊಂದು ಕಬ್ಬಿಣದ ಇಟ್ಟಿಗೆ. ಅವಳು ಹತ್ತಿರ ಹೋಗಿ ಅದನ್ನು ಮುಟ್ಟಿ ಮುಟ್ಟಿ ನೋಡಿದಳು.

"ಇದು ನಮ್ಮ ಗೋಪುರದ್ದೇ ಅಲ್ವಾ! ಗುಂಡು, ಹಗ್ಗ, ರಾಟೆ!"

ಅವತ್ತಿನಿಂದ ಅವಳ ಅರ್ಧ ಭಯ ಹೋಯಿತು. ಜೇಬಿನಿಂದ ಎಣ್ಣೆಯ ಸಣ್ಣ ಬಾಟಲಿ ತೆಗೆದು, ಎರಡು ವರ್ಷದಿಂದ ಕಿರುಗುಟ್ಟುತ್ತಿದ್ದ ರಾಟೆಗೆ ಎರಡೇ ಹನಿ ಬಿಟ್ಟಳು. ಜಿಮ್ಮಿಡೀ ನಿಶ್ಶಬ್ದವಾಯಿತು. ಕೋಚ್ ಆ ಹಗ್ಗವನ್ನು ಗೋಪುರದ ಹಿಡಿಕೆಯ ಎತ್ತರಕ್ಕೇ ಕಟ್ಟಿಕೊಟ್ಟು, "ಕೈಯಿಂದ ಅಲ್ಲ ಅಕ್ಕ, ಹಿಮ್ಮಡಿಯಿಂದ ಎಳೀರಿ" ಅಂತ ದಿನಾ ಎಳೆಸಿದಳು.

ದಿನ ಕಳೆದವು. ಅಂಗೈಯಲ್ಲಿ ಬೊಬ್ಬೆ ಬಂದು ಒಡೆದು ಗಟ್ಟಿಯಾಯಿತು. ಒಂದು ಬೆಳಿಗ್ಗೆ ತಲೆ ಬಾಚುವಾಗ ಕನ್ನಡಿಯಲ್ಲಿ ತನ್ನ ತೋಳಿನ ಮೇಲೊಂದು ಗೆರೆ ಕಂಡಿತು. ಬಾಚಣಿಗೆ ಇಟ್ಟು, ಬೇರೆಯವರ ಗಡಿಯಾರ ಮುಟ್ಟುವ ಹಾಗೆ ಒಂದೇ ಬೆರಳಲ್ಲಿ ಮುಟ್ಟಿ ನೋಡಿದಳು. ಗಟ್ಟಿಯಾಗಿತ್ತು. ಇದು ಯಾವಾಗ ಬಂತು, ಯಾರು ಕರೆದರು? ಮೂರನೆಯ ತಿಂಗಳು ನಲವತ್ತೈದು ಕಿಲೋದ ರಾಡು ಅವಳ ಜೊತೆ ನೆಲ ಬಿಟ್ಟು ಎದ್ದಿತು. ಅವಳ ತೂಕವೇ ನಲವತ್ತಮೂರು. ತನ್ನನ್ನೇ ತಾನು ಎತ್ತಿದ್ದೇನೆ ಅಂತ ಅವಳಿಗೆ ಮೈ ಜುಮ್ಮೆಂದಿತು.

ಆ ಸೋಮವಾರ ಬಂದೇ ಬಂತು. ಗುಂಡು ನೆಲ ಮುಟ್ಟುವ ಹಾಗಿತ್ತು; ಏರಿಸದಿದ್ದರೆ ಹತ್ತರ ಗಂಟೆ ಹೊಡೆಯುವುದಿಲ್ಲ. ಮನೆಯ ಕಿಟಕಿಯಲ್ಲಿ ಅಪ್ಪ ಕಿವಿ ಕೊಟ್ಟು ಕೂತಿದ್ದ. ಗೋಪುರದ ಮೇಲೆ ಇಂಜಿನಿಯರು ಗೋಡೆಗೆ ಒರಗಿ ನಿಂತಿದ್ದರು, ಕೋಚ್ ಮೆಟ್ಟಿಲ ಮೇಲೆ ಕೂತಿದ್ದಳು. ಕಡ್ಡಿಯಕ್ಕ ಹಿಡಿಕೆ ಹಿಡಿದಳು.

ಹತ್ತನೆಯ ಸುತ್ತು. ಕೊಂಡಿ ಜಾರಿತು, ಭಾರ ತೋಳಿಗೆ ಬಂತು. ಹೂಂ ಅಂದಳು, ದಾಟಿದಳು. ಇಪ್ಪತ್ತು, ದಾಟಿದಳು. ಎಪ್ಪತ್ತೈದಕ್ಕೆ ಕೈ ಬಿಟ್ಟು ಸುಧಾರಿಸಿಕೊಂಡಳು. ನೂರರ ಹೊತ್ತಿಗೆ ತೋಳುಗಳು ತನ್ನವಲ್ಲ ಅನಿಸಿತು. ಇಂಜಿನಿಯರು ಗೋಡೆ ಬಿಟ್ಟು ನೇರವಾಗಿ ನಿಂತಿದ್ದರು. ಸುತ್ತು ಎಣಿಸುತ್ತಾ ಎಣಿಸುತ್ತಾ ಅವಳಿಗೇ ತಿಳಿಯದೆ ಹಳೆಯ ಚಾಳಿ ಮರಳಿತು, ಉಸಿರು ಕಟ್ಟಿತು. ನೂರಾ ಇಪ್ಪತ್ತನೆಯದಕ್ಕೆ ಕೊಂಡಿ ಜಾರಿದಾಗ ಕಣ್ಣ ಮುಂದೆ ಕಪ್ಪು ಚುಕ್ಕೆಗಳು. ಹಿಡಿಕೆ ಗೇಣುದ್ದ ಹಿಂದಕ್ಕೆ ಬಂತು. ಕೆಳಗೆ ಕತ್ತಲಲ್ಲಿ ಇನ್ನೂರು ಕಿಲೋ ತೂಗಾಡುತ್ತಿತ್ತು. ಸತ್ತೆ ಅಂದುಕೊಂಡಳು.

ಆಮೇಲೆ ಹಿಮ್ಮಡಿಯನ್ನು ನೆಲಕ್ಕೆ ಊರಿ ಬಾಯಿಬಿಟ್ಟಳು. ಎದೆಯಲ್ಲಿದ್ದ ಗಾಳಿಯೆಲ್ಲ ಹೊರಟಿತು, ಅದು ಹೂಂಕಾರವಲ್ಲ, ಕೂಗು. ಕಾಲಿನಿಂದ ಬೆನ್ನಿಗೆ, ಬೆನ್ನಿನಿಂದ ತೋಳಿಗೆ ಏನೋ ಏರಿ ಬಂದದ್ದು ಅವಳಿಗೆ ಗೊತ್ತಾಯಿತು. ಹಿಡಿಕೆ ನಿಂತಿತು. ಮುಂದಕ್ಕೆ ಹೋಯಿತು. ಕಟಕ್.

ಆ ಕಟಕ್ ಕೇಳಿದಾಗಲೇ ಅವಳಿಗೆ ಅಪ್ಪ ಕಣ್ಣಿಗೆ ಕಟ್ಟಿದ. ಈ ಹಲ್ಲನ್ನು ಸೋಮವಾರಕ್ಕೆ ಹದಿನಾಲ್ಕು ಸಲ, ಒಂಬತ್ತು ವರ್ಷ ಒಬ್ಬನೇ ದಾಟಿದ್ದ. ಮನೆಗೆ ಬಂದು ಚಪ್ಪಲಿ ಬಿಟ್ಟು "ಒಂದು ಲೋಟ ಟೀ ಕೊಡಮ್ಮ" ಅನ್ನುತ್ತಿದ್ದ, ಅಷ್ಟೇ. ಅವಳು ಟೀ ಕೊಡುತ್ತಿದ್ದಳು, ಒಂದು ದಿನವೂ ಏನೂ ಕೇಳಿರಲಿಲ್ಲ. ಅಯ್ಯೋ ನನ್ನಪ್ಪಾ ಅಂತ ಅಳುತ್ತಲೇ ಅವಳು ಉಳಿದ ಇಪ್ಪತ್ತು ಸುತ್ತು ತಿರುಗಿಸಿದಳು.

ತಲೆಯ ಮೇಲೆ ಹತ್ತು ಗಂಟೆ ಹೊಡೆಯಿತು. ಅಷ್ಟು ಹತ್ತಿರದಿಂದ ಅದು ಕಿವಿಗಲ್ಲ, ಮೂಳೆಗೇ ಕೇಳಿಸುತ್ತದೆ. ಇಂಜಿನಿಯರು ತಲೆಗೆ ಕೈಯಿಟ್ಟುಕೊಂಡು ಮೇಲೆ ನೋಡುತ್ತಿದ್ದರು. "ಇದನ್ನ ಸ್ಪೀಕರಲ್ಲಿ ಹಾಕೋಕೆ ಹೊರಟಿದ್ನಲ್ಲ," ಅಂದರು ತಮ್ಮಷ್ಟಕ್ಕೆ.

ಮನೆಗೆ ಬಂದಾಗ ಗಂಟೆಯಪ್ಪ ಕುರ್ಚಿಯಲ್ಲಿ ಹಾಗೇ ಕೂತಿದ್ದ.

"ಹತ್ತು ಹೊಡೀತು."

"ಹೂಂ ಅಪ್ಪ."

"ಎರಡು ಸೆಕೆಂಡು ತಡ."

"ನಾಳೆ ಹತ್ತಿ ಸರಿ ಮಾಡ್ತೀನಿ ಬಿಡು."

ಅವನು ಎಡಗೈ ಚಾಚಿ ಅವಳ ತೋಳು ಹಿಡಿದು ಒತ್ತಿ ನೋಡಿದ. ಮತ್ತೊಮ್ಮೆ ಒತ್ತಿದ. "ಸವೆದ ಹಲ್ಲಲ್ಲಿ ಏನ್ಮಾಡ್ದೆ?"

"ಉಸಿರು ಬಿಟ್ಟೆ. ಜೋರಾಗಿ."

ಗಂಟೆಯಪ್ಪ ತೋಳು ಬಿಡಲಿಲ್ಲ. "ನಾನು ಅವತ್ತು ಹಿಡ್ಕೊಂಡಿದ್ದೆ," ಅಂದ. "ಸ್ಕ್ರೂ ಕೂರಿಸೋವಾಗ ಹಿಡ್ಕೊಳ್ಳೋ ಹಾಗೆ. ಕಣ್ಣು ಕತ್ತಲೆ ಬಂತು, ಕೈ ಬಿಟ್ಟೆ. ನಿನಗೂ ಅದನ್ನೇ ಕಲಿಸಿದೀನಲ್ಲ ಅಂತ ಬೆಳಗಿಂದ ಜೀವ ಬಾಯಿಗೆ ಬಂದಿತ್ತು ಕಣೇ." ಅಷ್ಟು ಹೇಳಿ ಮುಗಿಸಿದ ಮೇಲೆ ಅವನ ಎದೆಯಿಂದ ಉದ್ದವಾದ ಒಂದು ಉಸಿರು ಹೊರಗೆ ಬಂತು.

ಅವಳ ತೋಳು ಬಿಟ್ಟು, ತನ್ನ ಬಲಭುಜ ಸವರಿಕೊಳ್ಳುತ್ತಾ ಕೇಳಿದ: "ಆ ಜಿಮ್ಮಲ್ಲಿ ಮುರಿದ ಭುಜಕ್ಕೂ ಏನಾದ್ರೂ ಹೇಳ್ಕೊಡ್ತಾರಾ?"

"ಹೇಳ್ಕೊಡ್ತಾರೆ ಅಪ್ಪ. ಬಾಗಿಲು ತಳ್ಳೋದೇ ಕಷ್ಟ."

ಅವಳು ಇನ್ನೊಂದು ಕುರ್ಚಿ ಎಳೆದುಕೊಂಡಳು. ಇಬ್ಬರೂ ಹನ್ನೊಂದರ ಗಂಟೆಗೆ ಕಾಯುತ್ತಾ ಕೂತರು.